ಕೊಂಡಿ

ಹೃದಯ ಬೇಕಂತೆ ಡೈರೆಕ್ಟರಿಗೆ.
ನಾಯಕಿಯ ಬೆನ್ನ ಹಿಂದೆ, ಸಿರ್ಸಿ ಸರ್ಕಲ್ಲಿನ ಮೇಲ್ಸೇತುವೆಯುದ್ದಕ್ಕೂ
ಕಾರಿನ ದೀಪ, ಬಸ್ಸಿನ ದೀಪ, ಆಮ್ಲೆಟ್ ಗಾಡಿಯ ಒಂಟಿ ಬಲ್ಬು,
ಎಲ್ಲವೂ ಹೃದಯಗಳಾಗಿ ತೇಲಬೇಕಂತೆ.
ಕಂಪ್ಯೂಟರಿನಲ್ಲಿ ಮಾಡಿಸಲು ದುಡ್ಡಿಲ್ಲ.
'ಫೋಕಸ್ ಮೇಡಂ, ನೀವೇ ಏನಾದ್ರೂ ನೋಡಿ.'

ಫೋಕಸ್ ಮೇಡಂ ಅಂದರೆ ನಾನು.
ಟೇಪು ಹಿಡಿದು ಕಣ್ಣಿಂದ ಲೆನ್ಸಿಗೆ ಅಳೆಯುವವಳು,
ಒಂದಂಗುಲ ತಪ್ಪಿದರೆ ಬೈಸಿಕೊಳ್ಳುವವಳು,
ಹನ್ನೊಂದು ವರ್ಷದಿಂದ ಮುಖಗಳನ್ನು ಚೂಪು ಮಾಡಿದವಳು.
ಹಿಂದೆ ಮಸುಕಾದದ್ದನ್ನು
ನೀನು ಯಾರು ಅಂತ ಕೇಳಿದವಳಲ್ಲ.

ಸುಲ್ತಾನ್‌ಪೇಟೆಯಲ್ಲಿ ಕರಿ ರಟ್ಟು ಕೊಂಡು
ಕಲಾಸಿಪಾಳ್ಯದ ಮನೆಗೆ ಹೋದೆ.
ಅಪ್ಪ ಪಿಳ್ಳಪ್ಪ, ಲಾರಿ ಆಫೀಸುಗಳಿಗೆ ತಗಡು ಕೊರೆದವನು:
ಮೂಟೆಯ ಮೇಲೆ ಊರಿನ ಹೆಸರು,
ಪೆಟ್ಟಿಗೆಯ ಮೇಲೆ 'ಈ ಕಡೆ ಮೇಲೆ',
ಗಾಜಿನ ಸಾಮಾನಿಗೆ ಒಂದು ಲೋಟದ ಚಿತ್ರ.
ಈಗ ಎಲ್ಲಕ್ಕೂ ಸ್ಟಿಕ್ಕರು. ಅವನ ಬ್ಲೇಡು
ಸೋಪಿನ ಡಬ್ಬಿಯೊಳಗೆ ಎಣ್ಣೆ ಬಟ್ಟೆ ಸುತ್ತಿಕೊಂಡು ಮಲಗಿದೆ.

'ತೂತು ಎಷ್ಟಿರಬೇಕು?'
ಎರಡು ರೂಪಾಯಿ ನಾಣ್ಯದಷ್ಟು.
ದೊಡ್ಡದಾದರೆ ಆಕಾರ ನಿಲ್ಲುವುದಿಲ್ಲ.
ಚಿಕ್ಕದಾದರೆ ಬೆಳಕೂ ಸಾಯುತ್ತದೆ, ಮಸುಕೂ ಸಾಯುತ್ತದೆ.
'ಹೃದಯನಾ? ಅದು ಸಸಾರ ಕಣಮ್ಮ,
ಹೃದಯಕ್ಕೆ ಹೊಟ್ಟೆ ಇಲ್ಲ.'
ಮೂರು ಎಳೆತ, ಮುಗಿಯಿತು.
'ಹೊಟ್ಟೆ ಇರೋ ಅಕ್ಷರ ಕೊರೀಬೇಕು ನೋಡು, ಆಗ ಗೊತ್ತಾಗ್ತದೆ.
ಎಳೆಯಷ್ಟು ಕೊಂಡಿ ಬಿಡ್ಬೇಕು.
ಇಲ್ದಿದ್ರೆ ಒಳಗಿಂದೆಲ್ಲ ಉದುರೋಗ್ತದೆ,
ಬರೀ ತೂತು ಉಳೀತದೆ.'

ರಾತ್ರಿ ಒಂದೂವರೆ.
ರಟ್ಟು ಹಾಕುವ ಮೊದಲು ಸುಮ್ಮನೆ ನೋಡಿದೆ.
ಮೈಸೂರು ರಸ್ತೆಯ ತುಂಬ ಸೊನ್ನೆಗಳು,
ಅಕ್ಷರ ಕೈಬಿಟ್ಟ ಅನುಸ್ವಾರಗಳು,
ಕೆಂಪು, ಹಳದಿ, ಒಂದರ ಮೈಮೇಲೊಂದು.
ಆಮೇಲೆ ಹೃದಯ. ಡೈರೆಕ್ಟರು ಚಪ್ಪಾಳೆ ತಟ್ಟಿದ.
ನಾಲ್ಕನೇ ಟೇಕಿನಲ್ಲಿ ಆಟೋ ಒಂದು
ನಮಗೂ ನಾಯಕಿಗೂ ನಡುವೆ ನುಗ್ಗಿತು.
ಅದರ ದೀಪದಲ್ಲಿ ಮಾತ್ರ ಹೃದಯ ತಲೆಕೆಳಗು.
'ಆಟೀನು ಹೋಗಿ ಇಸ್ಪೀಟಾಯ್ತಲ್ಲಕ್ಕಾ' ಅಂದ ಲೈಟಿನ ಸೆಲ್ವರಾಜ.
ಹೌದಪ್ಪ, ನೋಡುತ್ತಿರುವುದಕ್ಕಿಂತ ಹತ್ತಿರ ಬಂದದ್ದು
ಹಾಗೇ ಕಾಣುವುದು.

ಪ್ಯಾಕಪ್. ಲಕೋಟೆ ಮಡಚುವಾಗ
ಕೈಗೆ ಇನ್ನೊಂದು ರಟ್ಟು ಸಿಕ್ಕಿತು.
ನಾನು ಕೇಳಿರಲಿಲ್ಲ. ಅಪ್ಪ ಹೇಳಿರಲಿಲ್ಲ.
ಠ.
ಮೇಲೆ ಗೆರೆ, ಸುತ್ತ ಬಳೆ, ನಡುವೆ ಚುಕ್ಕೆ,
ಉದುರದ ಹಾಗೆ ಒಂದೇ ಒಂದು ಕೊಂಡಿ.

ವ್ಯಾನು ಬರುವುದಕ್ಕೆ ಹತ್ತು ನಿಮಿಷವಿತ್ತು.
ಹಾಕಿದೆ. ಲೆನ್ಸನ್ನು ಮೂರಡಿಗೆ ತಿರುಗಿಸಿದೆ.
ಆ ಮೂರಡಿಯಲ್ಲಿ ಯಾರೂ ಇರಲಿಲ್ಲ.

ಊರೆಲ್ಲ ಕಣ್ಣಾಯಿತು.
ಹುಬ್ಬುಳ್ಳ, ಪಾಪೆಯುಳ್ಳ ಕಣ್ಣು.
ಮಾರ್ಕೆಟ್ಟಿಗೆ ಸೊಪ್ಪು ತರುವ ಟೆಂಪೋದಿಂದ ಎರಡು,
ಕಸದ ಲಾರಿಯ ಹಿಂದೆ ಒಂದು, ಇನ್ನೊಂದು ಕೆಟ್ಟಿದೆ,
ಆಸ್ಪತ್ರೆಯ ನಾಲ್ಕನೇ ಮಹಡಿಯ ಕಿಟಕಿಯಿಂದ ಸಾಲಾಗಿ ಆರು.
ಯಾವುದೂ ಸಿಟ್ಟಾಗಿರಲಿಲ್ಲ.
ಯಾವುದೂ ರೆಪ್ಪೆ ಬಡಿಯಲಿಲ್ಲ.
ಹನ್ನೊಂದು ವರ್ಷ ನಾನು ಹಿಂದಕ್ಕೆ ತಳ್ಳಿದ್ದೆಲ್ಲ
ನಿಂತು ನನ್ನನ್ನೇ ನೋಡಿತು.
ಒಂದೊಂದರ ಬಳೆಯಲ್ಲೂ
ಕೂದಲೆಳೆಯಂಥ ಕಪ್ಪು ಗೀಟು.

ಮೊಬೈಲಿನಲ್ಲಿ ಒಂದು ಫೋಟೋ ಹಿಡಿದುಕೊಂಡೆ.

ಬೆಳಿಗ್ಗೆ ಅಪ್ಪನಿಗೆ ತೋರಿಸಿದೆ.
ಕಣ್ಣಿನ ಹತ್ತಿರ ಹಿಡಿದ, ದೂರ ಹಿಡಿದ,
ಕನ್ನಡಕ ತೆಗೆದು ಒರೆಸಿ ಮತ್ತೆ ಹಿಡಿದ.
ಇಷ್ಟೊಂದು ಸಲ ಬರೆದ ತನ್ನ ಅಕ್ಷರಕ್ಕೆ
ಏನೋ ಹೇಳುತ್ತಾನೆ ಅಂದುಕೊಂಡೆ.

'ಕೊಂಡಿ ದಪ್ಪ ಆಯ್ತು' ಅಂದ.
'ಉಳಿದ ರಟ್ಟು ಎಲ್ಲಿ?'